ಲ್ಯಾನ್ಸಿ ಕತ್ತರಿಸಿದ ವಿಮಾನ

ಶಿರ್ವದ ಲ್ಯಾನ್ಸಿ ಮಥಾಯಸ್‌ಗೆ ತಗಡಿನ ಕೆಲಸ ಒಲಿದದ್ದು ಉಡುಪಿಯ ಬಸ್ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ. ಸೌದಿಯ ಜಿದ್ದಾಕ್ಕೆ ಬಂದು ವಿಮಾನಗಳ ಮೈ ರಿಪೇರಿ ಮಾಡುತ್ತಲೇ ಅವನ ತಲೆ ನರೆಯಿತು. ಇನ್ನು ಊರಿಗೆ ಹೊರಡುವುದೇ ಎಂದುಕೊಂಡಿದ್ದಾಗ, ಹಳೆಯ ವಿಮಾನಗಳ ಹುಚ್ಚಿದ್ದ ಶ್ರೀಮಂತ ಅಬ್ದುಲ್ ಸಲಾಂ ಅವನನ್ನು ತನ್ನ ಶೆಡ್ಡಿಗೆ ಕರೆಸಿಕೊಂಡ. ಅವನೇ ಲ್ಯಾನ್ಸಿಯ ವೀಸಾಕ್ಕೆ ಹೊಣೆಯಾಗುವ ಹೊಸ ಕಫೀಲ್ ಆದ.

ಶೆಡ್ಡಿನಲ್ಲಿದ್ದದ್ದು ವಿಚಿತ್ರ ವಿಮಾನ. ಜೆಟ್‌ಗಳು ಬರುವ ಮುಂಚೆ, ರೆಕ್ಕೆಯ ಹೊಸ ಆಕಾರವೊಂದನ್ನು ಪರೀಕ್ಷಿಸಲೆಂದೇ ಕಟ್ಟಿದ್ದು, ಅಂಥದ್ದು ಇನ್ನೊಂದಿಲ್ಲ. ಪ್ರೊಪೆಲ್ಲರ್ ಬಾಲದ ಕಡೆಗಿತ್ತು, ಎಂಜಿನ್ ಪೈಲಟ್‌ನ ಬೆನ್ನ ಹಿಂದೆಯೇ. ಜಾಳಾಗಿದ್ದ ಅದರ ಮೈಯನ್ನು ಲ್ಯಾನ್ಸಿ ವರ್ಷಗಟ್ಟಲೆ ಬಡಿದು ರೂಪಕ್ಕೆ ತಂದ. "ನನ್ನನ್ನು ಕೇಳದೆ ಇದಕ್ಕೆ ಒಂದು ತೂತು ಕೂಡ ಕೊರೆಯಬಾರದು" ಎಂದು ಅಬ್ದುಲ್ ಸಲಾಂ ಕಟ್ಟಪ್ಪಣೆ ಮಾಡಿದ್ದ.

ಎಂಜಿನ್ ಚಾಲೂ ಮಾಡಿ ನೋಡುವ ದಿನ ಬಂತು. ಒಳಗೆ ಕೂತವನು ಮೂಲ್ಕಿಯ ಮೆಕ್ಯಾನಿಕ್ ಜಿತೇಶ್. ಧೂಳಿಗೆ ಹೆದರಿ ತಲೆಯ ಮೇಲಿನ ಗಾಜಿನ ಮುಚ್ಚಳ ಎಳೆದುಕೊಂಡ. ಎಂಜಿನ್ ಕೆಮ್ಮಿತು, ಹಿಡಿಯಿತು, ಗುಡುಗಿತು. ಎದುರು ನಿಂತಿದ್ದ ಲ್ಯಾನ್ಸಿಗೆ ಜಿತೇಶನ ಬೆನ್ನ ಹಿಂದೆ ಕರಿ ಹೊಗೆ ಕಂಡಿತು.

"ಬಂದ್ ಮಾಡು! ಬಂದ್ ಮಾಡು ಮಾರಾಯ!"

ಜಿತೇಶ್ ಎಂಜಿನ್ ನಿಲ್ಲಿಸಿದ. ಆದರೆ ಸೋರಿದ ಪೆಟ್ರೋಲಿಗೆ ಬೆಂಕಿ ಹತ್ತಿಯಾಗಿತ್ತು. ಮುಚ್ಚಳ ನಾಲ್ಕು ಬೆರಳು ಸರಿದು ಸಿಕ್ಕಿಕೊಂಡಿತು.

"ಲ್ಯಾನ್ಸಿಯಣ್ಣ, ಇದು ಬರ್ತಾ ಇಲ್ಲ!"

ಕಾವಲಿಗಿದ್ದ ಮೊಹಮ್ಮದ್ ಇಸ್ಮಾಯಿಲ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಎಂಜಿನ್ನಿಗೆ ಪುಡಿ ಸುರಿದ. ಜ್ವಾಲೆ ತಗ್ಗಿ ಮತ್ತೆ ಎದ್ದಿತು. ಲ್ಯಾನ್ಸಿ ಗೋಡೆಯ ಕೊಡಲಿ ಕಿತ್ತುಕೊಂಡು ರೆಕ್ಕೆ ಹತ್ತಿದ. ಮೊದಲ ಏಟಿಗೆ ಗಾಜು ಬಿರಿಯಲೂ ಇಲ್ಲ. ಜಿತೇಶನ ಮುಖ ಹೊಗೆಯಲ್ಲಿ ಮುಳುಗಿತ್ತು. ಗಾಜಿಗೆ ಒತ್ತಿಕೊಂಡ ಅಂಗೈ ಮಾತ್ರ ಕಾಣುತ್ತಿತ್ತು.

ಮುಚ್ಚಳ ಸರಿಯುವ ಹಳಿ ಕೂತದ್ದು ಲ್ಯಾನ್ಸಿಯೇ ತಿದ್ದಿ ತೀಡಿದ ತಗಡಿನ ಅಂಚಿನ ಮೇಲೆ. ಅದು ಎಷ್ಟು ತೆಳುವೆಂದು ಅವನ ಕೈಗೆ ಗೊತ್ತು.

"ತಲೆ ತಗ್ಗಿಸು!" ಎಂದವನೇ ಅಲ್ಲಿಗೇ ಬೀಸಿದ. ಮತ್ತೆ ಮತ್ತೆ ಬೀಸಿದ. ತಗಡು ಹರಿಯಿತು, ಹಳಿ ಕಿತ್ತು ಬಂತು. ಮುಚ್ಚಳ ಎತ್ತಿ ಎಸೆದು, ಜಿತೇಶನ ಅಂಗಿಗೆ ಕೈ ಹಾಕಿ ಎಳೆದ. ಇಬ್ಬರೂ ರೆಕ್ಕೆಯಿಂದ ಉರುಳಿ ನೆಲಕ್ಕೆ ಬಿದ್ದರು.

ಬೆಂಕಿ ಆರಿ, ಜಿತೇಶನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಅಬ್ದುಲ್ ಸಲಾಂ ಬಂದ. ಹರಿದ ತಗಡನ್ನು ಬಹಳ ಹೊತ್ತು ಮುಟ್ಟಿ ನೋಡಿದ. ಲ್ಯಾನ್ಸಿ ಹತ್ತಿರ ಬಂದ. ನಾಳೆಯೇ ಈ ದೇಶದಲ್ಲಿರಲು ಬೇಕಾದ ಇಕಾಮಾ ರದ್ದಾದರೆ?

"ಕತ್ತರಿಸಿದ್ದು ನಾನೇ" ಎಂದ.

"ಹುಡುಗನಿಗೆ ಉಸಿರಿದೆಯಾ?"

"ಇದೆ. ಆಸ್ಪತ್ರೆಯಲ್ಲಿದ್ದಾನೆ."

"ಮತ್ತೆ ನೀನು ಇಲ್ಲೇಕೆ ನಿಂತಿದ್ದೀಯ? ಯಲ್ಲಾ, ಕಾರು ಹತ್ತು."

 

ಜಿತೇಶ್ ಚೇತರಿಸಿಕೊಂಡ. ಚಳಿಗಾಲಕ್ಕೆ ಎಂಜಿನ್ ಮತ್ತೆ ಸಿದ್ಧವಾದಾಗ, ಮುಚ್ಚಳ ಹಾಕಕೂಡದು, ಅಗ್ನಿಶಾಮಕ ಗಾಡಿ ಪಕ್ಕದಲ್ಲೇ ನಿಲ್ಲಬೇಕು ಎಂದು ಲ್ಯಾನ್ಸಿ ಪಟ್ಟು ಹಿಡಿದ. ಅಬ್ದುಲ್ ಸಲಾಂ ಒಪ್ಪಿದ. ಒಳಗೆ ತಾನೇ ಕೂರುತ್ತೇನೆಂದು ಲ್ಯಾನ್ಸಿ ಹೊರಟರೆ ಜಿತೇಶ್ ಬಿಡಲಿಲ್ಲ.

"ನಿಮಗೆ ಎಂಜಿನ್ನಿನ ಎಂತ ಗೊತ್ತುಂಟು? ಹೋಗಿ ಎದುರು ನಿಲ್ಲಿ."

ಪ್ರೊಪೆಲ್ಲರ್ ತಿರುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಲ್ಯಾನ್ಸಿ ತಟ್ಟಲಿಲ್ಲ. ಎಂಜಿನ್ ನಿಲ್ಲುವವರೆಗೂ ಅವನು ಜಿತೇಶನ ಮುಖದಿಂದ ಕಣ್ಣು ಕೀಳಲಿಲ್ಲ.