ಗುಳ್ಳೆ ಬಾಟಲಿಯ ಮುಚ್ಚಳ

ಪಾಪಟೋಟೊಯಿ ಎಂಬ ಪರದೇಶದ ಊರಿನಲ್ಲಿ ಆಟಿಸಂ ಇರುವ ಮಕ್ಕಳ ಬಿಹೇವಿಯರ್ ಥೆರಪಿ ಕೆಲಸಕ್ಕೆ ನಾನು ಹೊಸದಾಗಿ ಸೇರಿದಾಗ, ಕಲಿಸಿದವರು ಮೈಸೂರು ಕಡೆಯ ಹಿರಿಯ ಥೆರಪಿಸ್ಟ್ ಒಬ್ಬರು. ಯಾರ ಮನೆಗೆ ಹೋದರೂ ಮಗುವನ್ನು ಮಾತಾಡಿಸುವ ಮೊದಲು ಗೇಟಿನ ಚಿಲಕವನ್ನು ಎರಡು ಸಲ ಎಳೆದು ನೋಡುತ್ತಿದ್ದರು. "ಹೆದರಿಕೆ ಇರ್ಲಿ, ಮಗೂಗೆ ಕಾಣಬಾರ್ದು ಅಷ್ಟೆ," ಎನ್ನುವುದು ಅವರ ಮಾತು. ಅವರಿಗೆ ಹೆದರಿಕೆಯೇ ಇಲ್ಲವೆಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಹೀಗೇ ಒಂದು ಮನೆಗೆ ಹೋದಾಗ ಕೊನೆಗೆ ಒಳಗೆ ಬಂದವಳು ನಾನು. ಗೇಟಿನ ಚಿಲಕ ಹಾಕಲು ಮರೆತೆ. ಅವರು ಅದನ್ನು ಎಳೆದು ನೋಡುವ ಮೊದಲೇ, ಕರೆದರೆ ಎಂದೂ ತಿರುಗದ ಆ ಮನೆಯ ಆರು ವರ್ಷದ ಹುಡುಗಿ ಹೊರಗೋಡಿದಳು. ಬೀದಿಯ ಕೊನೆಗೆ ರೈಲು ಹಳಿ. ರೈಲ್ವೆ ಗೇಟಿನ ಗಂಟೆ ಆಗಲೇ ಬಡಿದುಕೊಳ್ಳುತ್ತಿತ್ತು. ಹಿಂದೆ ಓಡಲು ಹೊರಟ ನನ್ನ ತೋಳನ್ನು ಅವರು ಹಿಡಿದರು.

"ಬೇಡ ಕಣೇ. ಅಟ್ಟಿಸ್ಕೊಂಡು ಹೋದ್ರೆ ಅವಳಿಗೆ ಅದು ಆಟ. ಇನ್ನೂ ಜೋರಾಗಿ ಓಡ್ತಾಳೆ."

ಫುಟ್‌ಪಾತಿನ ಮೇಲೆ ಕೂತು, ಜೇಬಿನಿಂದ ಸೋಪಿನ ಗುಳ್ಳೆಯ ಬಾಟಲಿ ತೆಗೆದು ಊದತೊಡಗಿದರು. ಯಾರೂ ಹಿಂದೆ ಬರುತ್ತಿಲ್ಲವಲ್ಲ ಎಂದು ಹುಡುಗಿ ತಿರುಗಿದಳು. ಗುಳ್ಳೆಗಳನ್ನು ಕಂಡು ನಿಂತಳು. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ ವಾಪಸು ಬಂದಳು.

ಅವಳು ಅವರ ಮಡಿಲಲ್ಲಿ ಗುಳ್ಳೆ ಒಡೆಯುತ್ತಿದ್ದಾಗ ರೈಲು ಹಾದುಹೋಯಿತು. ಸೋಪಿನ ನೀರೆಲ್ಲ ಅವರ ಮುಂಗೈ ಮೇಲೆ ಚೆಲ್ಲಿತ್ತು. ಮುಖದಲ್ಲಿ ನಗು ಹಾಗೇ ಇತ್ತು. ಬಾಟಲಿಯನ್ನು ನನ್ನತ್ತ ಚಾಚಿ ಮೆಲ್ಲಗೆ ಹೇಳಿದರು:

"ಮುಚ್ಚಳ ನೀನೇ ಹಾಕು. ನನ್ನ ಕೈ ನಿಲ್ತಿಲ್ಲ."