ಸಂಬಳದವರಿಗೆ ಮಾತ್ರ

ಕೋವಿಡ್ ಕಾಲ ಕಳೆದು ಕೋರ್ಟುಗಳು ಮತ್ತೆ ಗಿಜಿಗುಡತೊಡಗಿದ್ದ ವರ್ಷ. ಸಾಗರದಲ್ಲಿ ನಾನು ವಕೀಲಿಕೆ ಶುರುಮಾಡಿ ಮೂರು ದಶಕ ದಾಟಿತ್ತು. ಸಿವಿಲ್ ವ್ಯಾಜ್ಯಗಳು, ಅದರಲ್ಲೂ ಬಾಡಿಗೆದಾರರಿಂದ ಮನೆ ಖಾಲಿ ಮಾಡಿಸುವ ಕೇಸುಗಳೇ ನನ್ನ ಅನ್ನದ ದಾರಿ. ಊರಿನ ಮನೆ ಮಾಲೀಕರಲ್ಲಿ ಬಹಳ ಮಂದಿ ನನ್ನ ಕಕ್ಷಿದಾರರು. ಈಗ ಕರಿ ಕೋಟು ಕಳಚಿಟ್ಟು ಮನೆಯಲ್ಲಿದ್ದೇನೆ. ಯಾರಾದರೂ ಕೇಳಿದರೆ ಗೆದ್ದ ಕೇಸುಗಳನ್ನು ಉಪ್ಪುಖಾರ ಹಚ್ಚಿ ಹೇಳುತ್ತೇನೆ. ಇದೊಂದು ಕೇಸು ಮಾತ್ರ ಗೆದ್ದರೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೊಸನಗರದ ಕಡೆಯ ರೇವತಿ ನನ್ನ ಮಗಳ ವಯಸ್ಸಿನವಳು. ತೀರ್ಥಹಳ್ಳಿಯ ಗಂಡನ ಮನೆ ಬಿಟ್ಟು, ಏಳು ವರ್ಷದ ಮಗಳು ಧನ್ಯಾಳ ಜೊತೆ ಅಣ್ಣನ ಮನೆಯಲ್ಲಿದ್ದಳು. ಅವಳಿಗೆ ನಾನು ಜೀವನಾಂಶ ಕೊಡಿಸಿದ್ದೆ. ಹೆಂಡತಿ ಮಕ್ಕಳ ಹೊಟ್ಟೆಬಟ್ಟೆಗೆಂದು ಗಂಡ ತಿಂಗಳು ತಿಂಗಳು ಕೊಡಬೇಕೆಂದು ಕೋರ್ಟು ವಿಧಿಸುವ ಹಣ ಅದು. ತಪ್ಪದೆ ಅವಳ ಬ್ಯಾಂಕಿಗೆ ಬರುತ್ತಿತ್ತು. ಸೋತ ಸಿಟ್ಟಿಗೆ ಗಂಡ, ಮಗಳನ್ನು ತನ್ನ ಸುಪರ್ದಿಗೆ ಕೊಡಬೇಕೆಂದು ಅರ್ಜಿ ಹಾಕಿದ. ತಾಯಿಗೆ ನೆಲೆಯಿಲ್ಲ ಎಂಬುದೇ ಅವನ ವಾದ. ಅತ್ತ ಅಣ್ಣನಿಗೂ ಮದುವೆ ಗೊತ್ತಾಗಿ, ಆ ಚಿಕ್ಕ ಮನೆಯಲ್ಲಿ ಇವರಿಬ್ಬರಿಗೆ ಜಾಗವಿಲ್ಲದಂತಾಗಿತ್ತು.

"ಮುಂದಿನ ವಾಯಿದೆಯೊಳಗೆ ಸಾಗರದಲ್ಲಿ ಒಂದು ಬಾಡಿಗೆ ಮನೆ ಮಾಡಮ್ಮ, ಉಳಿದದ್ದು ನಾನು ನೋಡ್ಕೊಳ್ತೀನಿ" ಎಂದೆ. ಮನೆ ಮಾಡುವುದು ಅಂಗಡಿಯಿಂದ ಸಾಮಾನು ತಂದಷ್ಟೇ ಸುಲಭ ಎಂದುಕೊಂಡಿದ್ದೆನೋ ಏನೋ.

ಅವಳು ಬೀದಿ ಬೀದಿ ಅಲೆದಳು. ಮನೆ ತೋರಿಸುವವರೆಗೆ ಎಲ್ಲರೂ ಒಳ್ಳೆಯವರೇ. "ಯಜಮಾನ್ರು ಎಲ್ಲಿ ಕೆಲಸದಲ್ಲಿದಾರೆ?" ಎಂಬ ಪ್ರಶ್ನೆ ಬಂದು, ಇವಳು ಜೀವನಾಂಶದ ಮಾತೆತ್ತಿದ ಕೂಡಲೇ ಆ ಮನೆ ಆಗಲೇ ಬೇರೆ ಯಾರಿಗೋ ಗೊತ್ತಾಗಿರುತ್ತಿತ್ತು. ಒಂದು ದಿನ ಆಫೀಸಿಗೆ ಬಂದು ಬೆಂಚಿನ ಮೇಲೆ ಕುಕ್ಕರಿಸಿದಳು.

"ಎಲ್ಲಾ ಓನರ್ರೂ ಒಂದೇ ಮಾತು ಸಾರ್, ಸಂಬಳದೋರಿಗೆ ಮಾತ್ರ ಅಂತ. ಯಾರೋ ಕೂರಿಸ್ಕಂಡು ಪಾಠ ಹೇಳಿಕೊಟ್ಟ ಹಂಗೆ ಹೇಳ್ತಾರೆ."

ನಾನು ನಕ್ಕೆ. ಆ ನಗು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಜೋಗದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಮಂಜಪ್ಪನವರು ಸಾಗರದಲ್ಲಿ ಸಾಲಾಗಿ ಕೆಲವು ಬಾಡಿಗೆ ಮನೆ ಕಟ್ಟಿಸಿದ್ದರು. ಒಂದು ಖಾಲಿಯಿತ್ತು. ಹಳೆಯ ಕಕ್ಷಿದಾರರು, ನನ್ನ ಮಾತು ಮೀರುವವರಲ್ಲ ಎಂಬ ಧೈರ್ಯದಿಂದ ನಾನೇ ಹೋದೆ. ಅವರು ಮೀರಲೂ ಇಲ್ಲ.

"ಎಂತ ಸಾರ್, ಹಿಂಗೆ ಕೇಳ್ತೀರಿ! ಸಂಬಳ ಇಲ್ದೋರಿಗೆ ಮನೆ ಕೊಡಬ್ಯಾಡಿ ಅಂದೋರು ನೀವೇ ಅಲ್ವಾ? ಕರಾರಲ್ಲಿ ಬರೆಸಿದ್ದೂ ನೀವೇ."

ನಿಜ. ಹಿಂದೊಮ್ಮೆ ಹೋಟೆಲ್ ಇಟ್ಟು ಕೈಸುಟ್ಟುಕೊಂಡ ಒಬ್ಬ ಬಾಡಿಗೆದಾರ ಮಂಜಪ್ಪನವರನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದ್ದ. ಆ ಕೇಸು ಗೆದ್ದ ಹುಮ್ಮಸ್ಸಿನಲ್ಲಿ, ಬಾಡಿಗೆದಾರರು ಮಾಸಿಕ ಸಂಬಳದವರೇ ಆಗಿರತಕ್ಕದ್ದು ಎಂಬ ಒಂದು ಸಾಲನ್ನು ಅವರ ಹೊಸ ಕರಾರು ಪತ್ರಕ್ಕೆ ಸೇರಿಸಿದ್ದೆ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅದೇ ಪತ್ರವನ್ನು ಮಾದರಿಯಾಗಿಟ್ಟುಕೊಂಡು ಬೇರೆಯವರ ಕರಾರು ಮಾಡುವಾಗ ಹೆಸರು, ವಿಳಾಸ, ಬಾಡಿಗೆ ಬದಲಿಸುತ್ತಾರೆ; ಉಳಿದದ್ದನ್ನು ಮುಟ್ಟುವುದಿಲ್ಲ. ವಕೀಲರು ಬರೆಸಿದ್ದಲ್ಲವೇ, ಏನೋ ಕಾರಣ ಇರಬೇಕು ಎಂಬ ಗೌರವ. ಹೀಗೆ ಒಬ್ಬರಿಗೆಂದು ಬರೆದದ್ದು ಊರಿಗೆಲ್ಲ ಹಬ್ಬಿತ್ತು. ರೇವತಿಯ ಮುಖಕ್ಕೆ ಬಾಗಿಲು ಹಾಕಿದ ಕೈಗಳು ಹಲವಿದ್ದರೂ ಅಗುಳಿ ಮಾಡಿಸಿಕೊಟ್ಟವನು ನಾನೇ.

"ಇದು ಹಾಗಲ್ಲ ಮಂಜಪ್ಪನವರೇ, ಕೋರ್ಟಿನ ಆದೇಶದ ದುಡ್ಡು" ಎಂದೆ.

"ಹಂಗಾರೆ ನಿಮ್ಮ ಜವಾಬ್ದಾರಿ ಅಂತ ಒಂದ್ ಮಾತು ಹೇಳಿ ಸಾರ್. ಬೀಗದ ಕೈ ಈಗ್ಲೇ ಕೊಡ್ತೀನಿ."

ಕಕ್ಷಿದಾರರಿಗೆ ಎಂದೂ ಹೊಣೆ ನಿಲ್ಲಬಾರದು ಎಂದು ನನ್ನ ಸೀನಿಯರ್ ಕಲಿಸಿದ್ದರು. ನಾಳೆ ಗಂಡ ಹಣ ನಿಲ್ಲಿಸಿದರೆ ಎಂಬ ಅಳುಕೂ ಇತ್ತು. "ವಿಚಾರ ಮಾಡಿ ಹೇಳ್ತೀನಿ" ಎಂದು ಎದ್ದುಬಂದೆ. ರೇವತಿಗೆ ಇದನ್ನು ತಿಳಿಸಲಿಲ್ಲ. ಆದಾಯದ ಮೂಲ ನೋಡಿ ಮನೆ ನಿರಾಕರಿಸಬಾರದು ಎಂದು ನೇರವಾಗಿ ಹೇಳುವ ಕಾನೂನಿಗಾಗಿ ಕಪಾಟಿನ ಪುಸ್ತಕಗಳನ್ನೆಲ್ಲ ತಿರುವಿದೆ. ಸಿಗಲಿಲ್ಲ. ಸಿಗದಿದ್ದುದು ಒಳಗೊಳಗೇ ಸಮಾಧಾನವನ್ನೂ ಕೊಟ್ಟಿತು; ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆಯುವುದೇ ದಂಡ.

ವಾಯಿದೆಯ ದಿನ ನ್ಯಾಯಾಧೀಶರು ತಾಯಿ ಎಲ್ಲಿ ವಾಸವಾಗಿದ್ದಾರೆ ಎಂದು ಕೇಳಿದರು. "ಮನೆ ಹುಡುಕುತ್ತಿದ್ದಾರೆ ಸ್ವಾಮಿ" ಎಂದೆ. ಮುಂದಿನ ವಾಯಿದೆಯವರೆಗೆ ಮಗು ತಂದೆಯ ಬಳಿ ಇರಲಿ ಎಂದು ಆದೇಶವಾಯಿತು. ರೇವತಿ ಮಗಳ ಶಾಲೆಯ ಬ್ಯಾಗಿನಿಂದ ಪುಸ್ತಕ ತೆಗೆದು ಬಟ್ಟೆ ತುಂಬಿದಳು. ತೀರ್ಥಹಳ್ಳಿಯ ಕಾರು ಹತ್ತುವಾಗ ಆ ಮಗು ಅಳಲಿಲ್ಲ. ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿ ಹೋಯಿತು.

ಆಗ ತಡೆಯಲಾಗದೆ ರೇವತಿಗೆ ಎಲ್ಲವನ್ನೂ ಹೇಳಿದೆ: ಆ ಸಾಲು ನನ್ನದೆಂದೂ, ಮಂಜಪ್ಪನವರು ಕೀ ಕೊಡಲು ತಯಾರಿದ್ದರೆಂದೂ. ಸಾಲಿನ ಬಗ್ಗೆ ಅವಳು ಏನೂ ಅನ್ನಲಿಲ್ಲ.

"ಒಂದು ಹೂಂ ಅನ್ನಕ್ಕೆ ಎಂತ ಆಗಿತ್ತು ಸಾರ್ ನಿಮಗೆ?"



ಸಂಜೆಯೇ ಅವಳನ್ನು ಕರೆದುಕೊಂಡು ಮಂಜಪ್ಪನವರಲ್ಲಿಗೆ ಹೋದೆ. "ಜವಾಬ್ದಾರಿ ನನ್ನದು" ಎಂದೆ. ಅವರು ಕೀ ತರಲು ಏಳುತ್ತಿದ್ದಂತೆ, ಒಳಗಿನಿಂದ ಅವರ ಹೆಂಡತಿ ಪದ್ಮಕ್ಕ ಹೊರಬಂದರು.

"ಇವರ ಜವಾಬ್ದಾರಿ ಎಂತಕ್ಕೆ? ಅವಳ ಮನೆಗೆ ಅವಳೇ ಜವಾಬ್ದಾರಿ" ಎಂದವರು ಗಂಡನ ಕಡೆ ತಿರುಗಿದರು. "ನಿಮಗೀಗ ಯಾವ ಸಂಬಳ ಬರತ್ತೆ? ಪಿಂಚಣಿ. ನಾಳೆ ನೀವು ಹೋದ್ಮೇಲೆ ನಂಗೆ ಬರದೂ ಗಂಡನ ಹೆಸರಿನ ದುಡ್ಡೇ. ಆಗ ನಂಗೂ ಮನೆ ಇಲ್ಲ ಅಂತೀರಾ?"

"ನಾನೇ ಹೋದ್ಮೇಲೆ ಇನ್ನೆಂತ ಅನ್ನದು ಮಾರಾಯ್ತಿ" ಎಂದು ಮಂಜಪ್ಪನವರು ಗೊಣಗಿದರು. ಪದ್ಮಕ್ಕ ತಾವೇ ಕೀ ತಂದು, ನನ್ನನ್ನು ದಾಟಿಕೊಂಡು ಹೋಗಿ ರೇವತಿಯ ಕೈಯಲ್ಲಿಟ್ಟರು.

ಮರುದಿನ ಟೈಪಿಂಗ್ ಅಂಗಡಿಗೆ ಹೋಗಿ ಆ ಸಾಲು ಅಳಿಸಿಸಿದೆ. ಆದರೆ ಅದು ಆಗಲೇ ಹೊಸನಗರ, ಆನಂದಪುರದ ಅಂಗಡಿಗಳ ಕಂಪ್ಯೂಟರಿಗೂ ಹೋಗಿ ಕೂತಿತ್ತು. ಈಗಲೂ ಯಾರಾದರೂ ಕರಾರು ಪತ್ರ ತೋರಿಸಲು ಬಂದರೆ ಮೊದಲು ಅದನ್ನೇ ಹುಡುಕುತ್ತೇನೆ. ಇದ್ದರೆ ಹೊಡೆದುಹಾಕಿಸಿ, ನಾಚಿಕೆಯಾದರೂ ಈ ಕಥೆಯನ್ನೂ ಹೇಳಿ ಕಳಿಸುತ್ತೇನೆ.

ಮುಂದಿನ ವಾಯಿದೆಯಲ್ಲಿ ಧನ್ಯಾ ತಾಯಿಯ ಬಳಿಗೆ ಬಂದಳು. ಮಗಳು ಬಂದ ಮೇಲೇ ಹಾಲುಕ್ಕಿಸುತ್ತೇನೆ ಎಂದು ಕಾದಿದ್ದ ರೇವತಿ, ಆ ಭಾನುವಾರ ನನ್ನನ್ನೂ ಕರೆದಿದ್ದಳು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಮಗು ಆ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು.

"ಬ್ಯಾಗ್ ಇಳ್ಸು ಮಗಾ" ಎಂದರು ಪದ್ಮಕ್ಕ.

ಅದು ಇಳಿಸಲಿಲ್ಲ. ಅಮ್ಮನನ್ನು ಬಿಟ್ಟು ನನ್ನನ್ನೇ ನೋಡಿ ಕೇಳಿತು: "ಇನ್ನು ಇಲ್ಲೇ ಇರದಾ? ಮತ್ತೆ ಹೋಗದಿಲ್ವಾ?"

"ಇಲ್ಲೇ ಮಗಾ" ಎಂದೆ. ಆ ಮಾತು ಹೇಳಲು ನನಗೆ ಯಾವ ಕಾನೂನೂ ಬೇಕಾಗಲಿಲ್ಲ. ಮಂಜಪ್ಪನವರು ಮೊದಲ ಸಲ ಕೇಳಿದಾಗಲೂ ಬೇಕಿರಲಿಲ್ಲ.