ಇಲಿಗಳ ರೋಜಾ

ನಾ ಪಿಎಚ್.ಡಿ. ಮಾಡಾಕ ಹೊಂಟಾಗ ನನ್ನ ವಾರಿಗಿಯವರ ಮಕ್ಕಳು ಹೈಸ್ಕೂಲಿನ್ಯಾಗಿದ್ರು. ಶಿರಹಟ್ಟ್ಯಾಗ ಔಷಧ ಅಂಗಡಿ ಕೆಲಸ ಮಾಡಿಕೋತ ತಡಾ ಮಾಡಿ ಕಲ್ತಾಂವ ನಾ. ವಿಷಯ ಔಷಧಶಾಸ್ತ್ರ. ಮುಂಡರಗಿ ಗುಡ್ಡದ ತಂಗಡಿ ಗಿಡದ ತೊಗಟಿ ಹೊಟ್ಟಿ ಹುಣ್ಣಿಗೆ ನಡೀತೈತೋ ಇಲ್ಲೋ ಅಂತ ಇಲಿ ಮ್ಯಾಲೆ ನೋಡೋದು. ಗೈಡ್ ಸರ್ ಜೂನಿನ್ಯಾಗ ರಿಟೈರ್ ಆಗೋರಿದ್ರು. ಅಷ್ಟರಾಗ ಕಡೀ ಪ್ರಯೋಗ ಮುಗೀಲಿಲ್ಲಂದ್ರ ಹೊಸಾ ಗೈಡ್, ಹೊಸಾ ವಿಷಯ, ಎಲ್ಲಾ ಮೊದಲಿಂದ.

ಆಗ ಮೇ ತಿಂಗಳು. ಕಾಲೇಜಿನ್ಯಾಗ ಇಲಿ ಇಡೋ ಕೋಲಿ ತಗಡಿಂದು, ಬಿಸಲಿಗೆ ಇಲಿ ಸಾಯಾಕ ಹತ್ತಿದ್ವು. ಬೆಟಗೇರ್ಯಾಗ ನಾ ಬಾಡಿಗಿ ಇದ್ದ ಮನಿ ಮಣ್ಣಿನ ಮ್ಯಾಳಿಗೀದು, ತಂಪು. ಇಲಿ ಅಲ್ಲಿಗೆ ಒಯ್ಯಾಕ ಸರ್ ಹೂಂ ಅಂದ್ರು. ಪಂಜರ ಟಾಂಗಾದಾಗ ಹೇರಿಕೊಂಡು ಬಂದೆ.

ಮನಿ ಮಾಲಕಿ ಚಾಚಿ ಬಾಗಿಲ್ದಾಗ ನಿಂತಿದ್ರು.

"ಬೋನು ಇಟ್ಟು ಇಲಿ ಹಿಡದು ಹೊರಗ ಒಗಿಯಾಕಿ ನಾ. ನೀ ಟಾಂಗಾ ಮಾಡಿ ಕರ್ಕೊಂಡ ಬರ್ತಿ. ಇದನ್ನ ಕಲಿಯಾಕ ಇಷ್ಟ ವರ್ಷ ಬೇಕಾದ್ವಾ?"

"ಇವು ಬಿಳೇವು ಅದಾವ್ರಿ ಚಾಚಿ."

"ಹಾಂ, ಸಾಹುಕಾರ ಮನ್ಯಾವು."

ರಂಜಾನ್ ನಡದಿತ್ತು, ಚಾಚಿ ದಿನಾ ರೋಜಾ ಅಂತ ಉಪವಾಸ ಇರ್ತಿದ್ರು. ಔಷಧ ಕೊಡೋಕಿಂತ ಮೊದಲ ಇಲಿ ಹೊಟ್ಟಿ ಒಂದು ಹಗಲು, ಒಂದು ರಾತ್ರಿ ಖಾಲಿ ಇರಬೇಕು. ಮುಂಜಾನಿ ಚಾಚಿಗೆ ಹೇಳಿದೆ, "ಇವತ್ತ ಇವಕ್ಕೂ ಉಪವಾಸ ಐತ್ರಿ. ನೀರು ಬಿಟ್ಟು ಏನೂ ಕೊಡಬ್ಯಾಡ್ರಿ."

"ನೀರು ಕುಡದ್ರ ಅದೆಂಥಾ ರೋಜಾ?" ಅಂದ್ರು. ಆದ್ರೂ ಮಾರಿ ಮ್ಯಾಲೆ ಖುಷಿ ಕಾಣ್ತಿತ್ತು.

ಸಂಜಿಮುಂದ ಕಾಲೇಜಿಂದ ಬಂದು ನೋಡ್ತೀನಿ, ಒಂದೊಂದು ಇಲಿನೂ ಎರಡೂ ಕೈಯಾಗ ಖಜೂರ ಹಿಡ್ಕೊಂಡು ಕುಂತೈತಿ. ದೊಡ್ಡದೊಂದು ಮಿರ್ಚಿ ಭಜಿ ಕಡಿಯಾಕತ್ತಿತ್ತು. ಹೊಟ್ಟಿ ಹುಣ್ಣಿನ ಪ್ರಯೋಗದ ಇಲಿ ಅದು.

"ಅಜಾನ್ ಆತು, ನೀ ಬರಲಿಲ್ಲ. ನಾನ ಅವುಗಳ ರೋಜಾ ಬಿಡಿಸಿದೆ," ಅಂದ್ರು ಚಾಚಿ. "ಆ ದೊಡ್ಡದು ನನ್ನ ತಾಟನ್ನ ನೋಡಾಕತ್ತಿತ್ತು, ಪಾಪ."

"ನಾಳೆ ಮುಂಜಾನಿ ತನಕ ಇರಬೇಕಿತ್ರಿ."

"ರಾತ್ರಿನೂ? ಯಾರ ಹೇಳ್ಯಾರ?"

"ನಮ್ಮ ಗೈಡ್ ಸರ್."

"ಅವರು ಉಂಡಾರಿಲ್ಲೋ?"

ಎಂಟು ದಿನ ಬಿಟ್ಟು ಮತ್ತ ಮಾಡಬೇಕು, ಅದೂ ಕೆಟ್ರ ನನ್ನ ಓದು ಮುಗದಂಗ ಅಂತ ತಿಳಿಸಿ ಹೇಳಿದೆ. ಚಾಚಿ ವಿಚಾರ ಮಾಡಿದ್ರು.

"ಆತು, ಕೊಡಂಗಿಲ್ಲ. ಆದ್ರ ಅವು ಹಸಕೊಂಡು ಕುಂತಾಗ ನನ್ನ ಮನ್ಯಾಗ ನೀನೂ ಉಂಬಂಗಿಲ್ಲ."

ಎಂಟು ದಿನದ ಮ್ಯಾಲೆ ನಾನೂ ಇಲಿಗೋಳೂ ಎದುರಾಬದರ ಕುಂತ್ವಿ. ಚಾಚಿ ನಮಗ ಕಾಣಬಾರದಂತ ಹಿತ್ತಲಕ್ಕ ಹೋಗಿ ರೋಜಾ ಬಿಟ್ರು. ಭಜಿ ವಾಸನಿ ಬಂತು. ನಾವೆಲ್ಲಾರೂ ಮೂಗು ಅಲುಗಿಸಿದ್ವಿ.

ಮರುದಿನ ಕಾಲೇಜಿಗೆ ಒಯ್ದು ಔಷಧ ಕೊಟ್ಟೆ. ಆಮ್ಯಾಲೆ ಇಲಿಗಳ ಹೊಟ್ಟಿ ಕೊಯ್ದು ತೋರಿಸಿದೆ. ಸರ್ ಬಗ್ಗಿ ನೋಡಿ, "ಛಲೋ ಬಂದೈತಿ, ಬರಿಯಾಕ ಕುಂಡ್ರು. ನೀ ಯಾಕ ನಡುಗಾಕತ್ತಿ?" ಅಂದ್ರು.

"ಹಸಿವ್ರಿ ಸರ್."

ರಂಜಾನ್ ಹಬ್ಬದ ದಿನ ಚಾಚಿ ಹಾಲು-ಶ್ಯಾವಿಗಿ ಸುರಕುಂಬಾ ಎರಡು ಬಟ್ಟಲದಾಗ ತಂದ್ರು. ಒಂದು ನನಗ, ಒಂದು ಅವಕ್ಕ.

"ಎಲ್ಲಿ ಅವು?"

"ಕಾಲೇಜಿಗೆ ಹೋಗ್ಯಾವ್ರಿ."

"ಯಾವಾಗ ಬರ್ತಾವ?"

ಖರೆ ಹೇಳಾಕ ಬಾಯಿ ಬರಲಿಲ್ಲ. "ಇನ್ನ ಅಲ್ಲೇ ಇರ್ತಾವ್ರಿ."

"ಇರ್ಲಿ ಬಿಡು, ನಿನಗಿಂತ ಜಲ್ದಿ ಕಲೀತಾವ," ಅಂದು ಆ ಬಟ್ಟಲಾನೂ ನನ್ನ ಮುಂದ ಸರಿಸಿದ್ರು. "ಅವುಗಳ ಪಾಲೂ ನೀನ ಉಣ್ಣು. ಅವುಗಳ ಜೋಡಿ ಉಪವಾಸ ಇದ್ದಾಂವ ನೀ."